ನಾಗಿಸೆಯ ತಿಮಿಂಗಿಲದ ಕಲ್ಲು

ಕಲ್ಲನ್ನು ಉಜ್ಜಬೇಡ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಕಿನುಯೊ ಖಂಡಿತ ಉಜ್ಜುತ್ತಿರಲಿಲ್ಲ. ಹೇಳಿದ್ದನ್ನು ಮೀರುವ ಜೀವವೇ ಅಲ್ಲ ಅದು. ಆದರೆ ತೆತ್ಸುಝೊ ಹೇಳಿದ್ದು ಉಜ್ಜು ಎಂದೇ.

"ನಾಳೆ ಬಸ್ಸಿನವ್ರು ಬರ್ತಾರೆ, ಫೋಟೋ ತೆಗೀತಾರೆ. ಆ ತಿಮಿಂಗಿಲದ ಕಲ್ಲು ನೋಡಿದ್ದೀಯಾ? ಮೈತುಂಬ ಪಾಚಿ. ಹಳೇ ಕಂಬಳಿ ಹೊದ್ಕೊಂಡು ಕೂತ ಮುದುಕನ ಹಾಗಿದೆ. ಚೆನ್ನಾಗಿ ಉಜ್ಜಿ ಮುಖ ಕಾಣೋ ಹಾಗೆ ಮಾಡು," ಎಂದು ಅವನು ಬಲೆ ಒಣಹಾಕಿದ ಕಟ್ಟೆಯ ಮೇಲಿಂದಲೇ ಕೂಗಿದ್ದ.

ಇಸೊಬೆ ತೆತ್ಸುಝೊ ನಾಗಿಸೆಯ ದೊಡ್ಡ ಬಲೆಯ ಯಜಮಾನ. ಮೀನುಗಾರರ ಸಂಘಕ್ಕೂ ಅಧ್ಯಕ್ಷ, ಹೊಸದಾಗಿ ಹುಟ್ಟಿದ ಪ್ರವಾಸಿ ಸಮಿತಿಗೂ ಅಧ್ಯಕ್ಷ. ಸಮಿತಿ ಎಂದರೆ ಅವನು, ಬುದ್ಧನ ಗುಡಿಯ ಗುರುಗಳು ಮತ್ತು ಕಿನುಯೊ. ಅವನು ಮಾತಾಡುತ್ತಿದ್ದ, ಗುರುಗಳು ತಲೆಯಾಡಿಸುತ್ತಿದ್ದರು, ಗುಡ್ಡ ಹತ್ತಿ ಇಳಿಯುವ ಕೆಲಸ ಕಿನುಯೊಳದ್ದು.

ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಹರೆಯದಿಂದ ಮುದಿತನದವರೆಗೆ ಅವಳು ಮೀನು ಅರೆದು ಮುದ್ದೆ ಮಾಡುವ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿ ಬಿಳಿ ಟೋಪಿ, ಬಿಳಿ ಮುಸುಕು. ಎದುರು ನಿಂತವಳು ಯಾರೆಂದು ಅವಳ ಗಂಡನಿಗೇ ಗುರುತು ಸಿಗದಂಥ ವೇಷ. ಗಂಡ ತೀರಿಕೊಂಡ ಮೇಲೆ, ಕಾರ್ಖಾನೆ ಮುಚ್ಚಿದ ಮೇಲೆ, ಪಟ್ಟಣದ ಸಮುದಾಯ ಭವನದಲ್ಲಿ ಸಂಜೆ ತರಗತಿಗೆ ಹೋಗಿ ಊರಿನ ಚರಿತ್ರೆ, ಹಳೆಯ ಕಲ್ಲುಗಳ ಮೇಲಿನ ಬರಹ ಓದುವುದು ಎರಡನ್ನೂ ಕಲಿತಳು. ಮಾರ್ಗದರ್ಶಿ ಎಂದು ಬರೆದ ಹಸಿರು ತೋಳುಪಟ್ಟಿ ಅವಳಿಗೆ ಸಿಕ್ಕಿತು. ಆ ಪಟ್ಟಿಯನ್ನು ಅವಳು ವಾರಕ್ಕೊಮ್ಮೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ನೋಡಲು ಊರಿಗೆ ಯಾರೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಈಗ ಬರುವ ಹೊತ್ತು. ನಗರದ ಬಸ್ ಕಂಪನಿಯೊಂದು ಕರಾವಳಿಯ ಚಾರಿತ್ರಿಕ ಸ್ಥಳಗಳನ್ನು ತೋರಿಸುವ ಗುರುವಾರದ ಪ್ರವಾಸ ಶುರುಮಾಡಲಿತ್ತು. ಈ ದಿಕ್ಕಿನಲ್ಲಿ ಒಂದೇ ಊರಿನಲ್ಲಿ ನಿಲುಗಡೆ. ನಾಗಿಸೆಯೋ, ಪಕ್ಕದ ಕುರೊಬಾನಾವೋ ಎಂದು ತೀರ್ಮಾನಿಸಲು ನಾಳೆ ಒಂದು ಬಸ್ಸು ಜನರನ್ನು ತುಂಬಿಕೊಂಡು ಎರಡೂ ಊರು ನೋಡಿಹೋಗುವುದು. ಕುರೊಬಾನಾ ಗೆದ್ದರೆ ಸಮಿತಿ ಮುಚ್ಚುತ್ತೇನೆ ಎಂದು ತೆತ್ಸುಝೊ ಹೇಳಿಬಿಟ್ಟಿದ್ದ. ಸಮಿತಿ ಮುಚ್ಚಿದರೆ ತೋಳುಪಟ್ಟಿಯನ್ನು ವಾಪಸು ಕೊಡಬೇಕು.

ಕುರೊಬಾನಾದಲ್ಲಿ ಇದ್ದುದಾದರೂ ಏನು? ಕೂರುವ ಕಲ್ಲುಗಳು. ಹಿಂದೆ ಯಾವುದೋ ಯುದ್ಧದಲ್ಲಿ ಸೋತು ಓಡಿಬಂದ ಸೇನಾಪತಿಯೊಬ್ಬ ಒಂದು ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಂಡನಂತೆ. ಅಲ್ಲಿಂದ ಎದ್ದು ಕೂಗಳತೆಯಲ್ಲೇ ಇನ್ನೊಂದು ಕಲ್ಲಿನ ಮೇಲೆ ಕೂತನಂತೆ. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಅವನು ಕೂತ ಮೂರನೆಯ ಕಲ್ಲೂ ಸಿಕ್ಕಿತು. "ಹೀಗೆ ಕಂಡಕಂಡಲ್ಲಿ ಕೂತರೆ ಯುದ್ಧ ಗೆಲ್ಲೋದು ಯಾವಾಗ?" ಎಂದು ನಾಗಿಸೆಯವರು ನಗುತ್ತಿದ್ದರು. ಆದರೆ ಕುರೊಬಾನಾದವರು ಮೂರಕ್ಕೂ ಫಲಕ ಹಾಕಿದ್ದರು, ಹಗ್ಗ ಸುತ್ತಿದ್ದರು, ಆ ಸೇನಾಪತಿಯ ಕುಂಡೆಯ ಆಕಾರದ ಸಿಹಿ ಕಡುಬನ್ನೂ ಮಾರುತ್ತಿದ್ದರು.

ನಾಗಿಸೆಯಲ್ಲಿ ಇದ್ದುದು ತಿಮಿಂಗಿಲ. ಹಿಂದೊಂದು ಕ್ಷಾಮದ ವರ್ಷ ದೊಡ್ಡದೊಂದು ತಿಮಿಂಗಿಲ ಬಲೆಗೆ ಬಿದ್ದು, ಊರಿಗೆ ಊರೇ ಅದನ್ನು ತಿಂದು ಬದುಕಿಕೊಂಡಿತು. ಹೊಟ್ಟೆ ತುಂಬಿದ ಮೇಲೆ ಜನಕ್ಕೆ ಪಾಪಪ್ರಜ್ಞೆ ಹುಟ್ಟಿತು. ಮನುಷ್ಯ ಸತ್ತಾಗ ಗುಡಿಯವರು ಪರಲೋಕಕ್ಕೆಂದು ಒಂದು ಹೊಸ ಹೆಸರು ಕೊಡುತ್ತಾರಲ್ಲ, ಅಂಥದ್ದೇ ಹೆಸರನ್ನು ತಿಮಿಂಗಿಲಕ್ಕೂ ಕೊಡಿಸಿ, ಮನುಷ್ಯರ ಗೋರಿಗೆ ನಿಲ್ಲಿಸುವಂಥದ್ದೇ ಕಲ್ಲು ಕೆತ್ತಿಸಿ ಗುಡ್ಡದ ಮೇಲೆ ನಿಲ್ಲಿಸಿದರು. ಪ್ರತಿ ವಸಂತದಲ್ಲಿ ಊರೆಲ್ಲ ಅದರ ಮುಂದೆ ಸೇರುತ್ತದೆ. ಗುರುಗಳು ಮಂತ್ರ ಹೇಳುತ್ತಾರೆ, ಮಕ್ಕಳು ಡೋಲು ಬಡಿಯುತ್ತಾರೆ, ಗಂಡಸರು ಅಕ್ಕಿಯ ಮದ್ಯವನ್ನು ಕಲ್ಲಿಗೆ ಸ್ವಲ್ಪವೂ ತಮಗೆ ಜಾಸ್ತಿಯೂ ಸುರಿದುಕೊಳ್ಳುತ್ತಾರೆ. ಕೊನೆಗೆ ಎಲ್ಲರೂ ಒಟ್ಟಿಗೆ ತಲೆಬಾಗಿ ಹೇಳುವ ಮಾತು ಒಂದಿದೆ: "ನಿನ್ನ ಮಾಂಸ ರುಚಿಯಾಗಿತ್ತು. ನಿನ್ನ ಎಣ್ಣೆ ನಮ್ಮ ದೀಪಕ್ಕಾಯಿತು. ನಿನ್ನ ಮೂಳೆ ನಮ್ಮ ಗದ್ದೆಗೆ ಗೊಬ್ಬರವಾಯಿತು. ತಪ್ಪಾಯಿತು, ಮತ್ತೆ ಬಾ."

ಆ ಕಲ್ಲನ್ನೇ ಕಿನುಯೊ ಈಗ ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಪಾಚಿ ದಪ್ಪ ಚರ್ಮದಂತೆ ಸುಲಿದು ಬಂತು. ಕೆಳಗೆ ಅಕ್ಷರಗಳು ಕಂಡವು. ಅವಳು ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಕಲಿಸಿದ ಹಾಗೆ ಬೆರಳಿನಿಂದ ತಡವುತ್ತ ಓದಿದಳು. 'ಸೌಮ್ಯವಾಣಿ, ಸಂಯಮಶೀಲೆ, ಸಾಧ್ವಿ.'

ತಿಮಿಂಗಿಲಕ್ಕೆ ಸೌಮ್ಯವಾಣಿ ಎಂಬ ಹೆಸರೇ? ಇರಬಹುದು, ತಿಮಿಂಗಿಲಗಳು ಹಾಡುತ್ತವೆ ಎಂದು ಟೀವಿಯಲ್ಲಿ ತೋರಿಸಿದ್ದರು. ಆದರೆ ಸಾಧ್ವಿ? ತಾನೇ ತಪ್ಪು ಓದಿರಬೇಕು. ಯಾವಾಗಲೂ ತಪ್ಪುವವಳು ತಾನೇ. ಅವಳು ಕಲ್ಲಿನ ಪಕ್ಕೆಯನ್ನೂ ಉಜ್ಜಿದಳು. ಅಲ್ಲಿ ಕೆತ್ತಿದ್ದು ಇನ್ನೂ ಸ್ಪಷ್ಟವಾಗಿತ್ತು: ಇಸೊಬೆ ಮನೆತನದ ಬಲೆಯ ಗುರುತು. ಅದರ ಕೆಳಗೆ, 'ಸುತೆ'.

ಕಿನುಯೊಳ ಕೈಯಿಂದ ಬ್ರಷ್ಷು ಜಾರಿತು. ಸುತೆ ಎಂದರೆ ತೆತ್ಸುಝೊನ ಅಜ್ಜಿ. ಅವನ ತಾಯಿ ತೊಕು ಅಜ್ಜಿಯ ಅತ್ತೆ.

ಅವಳು ಎದ್ದುಬಿದ್ದು ಕೆಳಗಿನ ಇಸೊಬೆ ಮನೆಯವರ ಗೋರಿಸಾಲಿಗೆ ಓಡಿದಳು. ಮುಂದೆ ಹೊಳೆಯುವ ದೊಡ್ಡ ಕರಿಕಲ್ಲು, ಹಿಂದೆ ಸಾಲಾಗಿ ಹಳೆಯ ಕಲ್ಲುಗಳು. ಸುತೆಯದೆಂದು ಎಲ್ಲರೂ ಹೂವಿಡುವ ಕಲ್ಲಿನ ಪಾಚಿಯನ್ನು ಉಗುರಿನಿಂದ ಕೆರೆದಳು. 'ಅಪಾರ ಜಲಧಿ, ಮಹಾಕಾಯ' ಎಂದು ಕಂಡಿತು. ಅದರ ಕೆಳಗೆ ಕ್ಷಾಮದ ವರ್ಷ.

ತೊಕು ಸೊಸೆಯಾಗಿದ್ದ ಕಾಲದಲ್ಲಿ ದೊಡ್ಡ ಚಂಡಮಾರುತವೊಂದು ಬಂದು ಗುಡ್ಡದ ಒಂದು ಮಗ್ಗುಲೇ ಕುಸಿದು ಸಮುದ್ರ ಸೇರಿತ್ತು ಎಂಬುದು ಊರಿಗೆಲ್ಲ ಗೊತ್ತಿದ್ದ ಕತೆ. ಬೂದಿ, ಮೂಳೆ ಎಲ್ಲ ನೀರುಪಾಲಾಯಿತು. ಅಂಚಿನಲ್ಲಿದ್ದ ಎರಡು ಕಲ್ಲುಗಳು ಮಾತ್ರ ಉರುಳಿ ಕಡಲದಂಡೆಯ ಕೆಸರಿನಲ್ಲಿ ಸಿಕ್ಕವು. ಒಂದು ತಿಮಿಂಗಿಲದ್ದು, ಇನ್ನೊಂದು ಆ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಸುತೆಯದು. ಊರಿನ ಹುಡುಗರು ಎರಡನ್ನೂ ಮೇಲಕ್ಕೆ ಎಳೆದು ಮತ್ತೆ ನಿಲ್ಲಿಸಿದ್ದರು. ನಿಲ್ಲಿಸುವಾಗ ಅದಲು ಬದಲಾಗಿದೆ.

ಅಂದರೆ ಇಷ್ಟು ವರ್ಷ ಊರಿಗೆ ಊರೇ ವಸಂತದಲ್ಲಿ ಗುಡ್ಡ ಹತ್ತಿ, ಇಸೊಬೆ ಮನೆಯ ಹಿರಿಯ ಯಜಮಾನಿಯ ಮುಂದೆ ತಲೆಬಾಗಿ, ನಿನ್ನ ಮಾಂಸ ರುಚಿಯಾಗಿತ್ತು ಎಂದು ಹೇಳುತ್ತಿದೆ.

ಕಿನುಯೊ ಅಲ್ಲೇ ಕುಕ್ಕರಿಸಿದಳು. ನಗು ಬರಲಿಲ್ಲ. ನಾಳೆ ತಾನು ಇದೇ ಕಲ್ಲಿನ ಮುಂದೆ ತೋಳುಪಟ್ಟಿ ಕಟ್ಟಿಕೊಂಡು ನಿಂತು, ಇದು ತಿಮಿಂಗಿಲ ಎಂದು ಹೇಳಬೇಕು.

ಮೊದಲು ಗುಡಿಗೆ ಹೋದಳು. ಗುರು ಎಶುನ್ ಜಗುಲಿಯಲ್ಲಿ ಕಾಲು ಚಾಚಿ ಬೇಸ್‌ಬಾಲ್ ಪಂದ್ಯದ ವರದಿ ಕೇಳುತ್ತಿದ್ದರು. ಅವಳು ವಿಷಯ ಹೇಳಿದಳು.

"ಒಂದ್ಸಲ ಬಂದು ಓದಿ ನೋಡಿ ಗುರುಗಳೇ. ನಾನು ಕಲಿತಿದ್ದು ಸಂಜೆ ತರಗತೀಲಿ. ನನ್ನ ಕಣ್ಣೇ ತಪ್ಪಿದ್ರೂ ತಪ್ಪಿರಬಹುದು."

"ಕನ್ನಡಕ ಹಾಕ್ಬೇಕಾಗುತ್ತಲ್ಲಮ್ಮ."

"ಹಾಕ್ಕೊಳ್ಳಿ."

"ಹಾಕ್ಕೊಂಡ್ರೆ ಓದ್ಬೇಕಾಗುತ್ತೆ. ಓದಿದ್ರೆ ನಾನು ಇಷ್ಟು ವರ್ಷ ಯಾರ ಹೆಸರಲ್ಲಿ ಮಂತ್ರ ಹೇಳಿದೆ ಅಂತ ಗೊತ್ತಾಗಿಬಿಡುತ್ತೆ." ಅವರು ರೇಡಿಯೋದ ಸದ್ದು ಸ್ವಲ್ಪ ಕಡಿಮೆ ಮಾಡಿದರು. "ನೋಡಮ್ಮ, ನಮ್ಮಪ್ಪನೂ ಅದೇ ಕಲ್ಲಿಗೇ ಹೇಳಿದ್ದು. ಬುದ್ಧನ ಕಣ್ಣಿಗೆ ತಿಮಿಂಗಿಲ ಏನು, ಇಸೊಬೆ ಸುತೆ ಏನು, ಎಲ್ಲಾ ಒಂದೇ."

"ತೆತ್ಸುಝೊ ಅಣ್ಣನ ಕಣ್ಣಿಗೂ ಒಂದೇನಾ?"

ಗುರುಗಳು ರೇಡಿಯೋದತ್ತ ಕೈ ಚಾಚಿದರು. "ಅವನಿಗೆ ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡ," ಎಂದು ಸದ್ದು ಮತ್ತೆ ಏರಿಸಿದರು.

ಇನ್ನು ಉಳಿದದ್ದು ತೊಕು ಅಜ್ಜಿ. ಕಿನುಯೊ ಆ ಮನೆಯ ಮೆಟ್ಟಿಲು ಹತ್ತಿದಳು. ಊರಿನಲ್ಲಿ ಆ ಮುದುಕಿಯಷ್ಟು ದೈವಭಕ್ತಿಯವರು ಇನ್ನೊಬ್ಬರಿರಲಿಲ್ಲ. ತಿಮಿಂಗಿಲದ ಪೂಜೆಗೆ ಯಾವಾಗಲೂ ಮುಂದಿನ ಸಾಲಿನಲ್ಲಿ ಅವಳೇ. ಮನೆಯ ಗೋರಿಗಳನ್ನು ತೊಳೆಯುವುದು, ಹೂವಿಡುವುದು, ಹಿರಿಯರ ಹಬ್ಬಕ್ಕೆ ಎಡೆ ಇಡುವುದು ಎಲ್ಲಾ ಅವಳೇ, ಸೊಸೆಗೂ ಬಿಡುತ್ತಿರಲಿಲ್ಲ. ಅಂಥವಳಿಗೆ, ನೀವು ಎಡೆ ಇಟ್ಟದ್ದು ತಿಮಿಂಗಿಲಕ್ಕೆ ಎಂದು ಹೇಗೆ ಹೇಳುವುದು?

ತೊಕು ಅಜ್ಜಿ ಅಂಗಳದಲ್ಲಿ ಕೂತು ಸ್ಕ್ವಿಡ್ ಮೀನಿನ ಹೊಟ್ಟೆ ಸೀಳಿ ಒಣಹಾಕುತ್ತಿದ್ದಳು. ಕಿನುಯೊ ಎರಡೂ ಕೈ ನೆಲಕ್ಕೂರಿ, ಹಣೆ ನೆಲಕ್ಕೆ ತಾಗಿಸಿ, ಇದ್ದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ತಲೆ ಎತ್ತುವ ಧೈರ್ಯ ಬರಲಿಲ್ಲ. ಚಾಕುವಿನ ಸದ್ದು ನಿಂತಿತು.

"ಪಾಚಿ ತೆಗೆದ್ಯಾ?" ಎಂದಳು ಅಜ್ಜಿ.

"ತೆಗೆದೆ. ತಪ್ಪಾಯ್ತು."

"ಅಯ್ಯೋ ನಿನ್ನ ಮನೆ ಹಾಳಾಗ! ಎಷ್ಟು ವರ್ಷ ಸಾಕಿದ್ದು ಗೊತ್ತೇನೇ ಆ ಪಾಚೀನ? ಅಕ್ಕಿ ತೊಳೆದ ನೀರು ಹೊತ್ಕೊಂಡು ಹೋಗಿ ಹೊಯ್ದು ಬೆಳೆಸಿದ್ದೆ."

ಕಿನುಯೊ ತಲೆ ಎತ್ತಿದಳು. "ನಿಮಗೆ... ನಿಮಗೆ ಗೊತ್ತಿತ್ತಾ?"

"ಗೊತ್ತಿರೋದೇನು, ಮಾಡಿದ್ದೇ ನಾನು." ಅಜ್ಜಿ ಇನ್ನೊಂದು ಮೀನು ಎತ್ತಿಕೊಂಡಳು. "ಹುಡುಗರು ಎರಡು ಕಲ್ಲೂ ಎಳ್ಕೊಂಡು ಬಂದ್ರು. ಮೈಯೆಲ್ಲ ಕೆಸರು. ಅವರೂ ಚಳಿಗೆ ಅಂತ ಚೆನ್ನಾಗಿ ಕುಡಿದಿದ್ರು. ಈಗಿನ ಗುರುಗಳ ಅಪ್ಪ ಆಗ ಗುಡೀಲಿದ್ದದ್ದು, ಅವರಿಗಾದ್ರೆ ಕಣ್ಣು ಕಾಣ್ತಿರಲಿಲ್ಲ. ನನ್ನ ಗಂಡ ದೋಣಿ ಹುಡುಕೋಕೆ ಹೋಗಿದ್ದ. ಆಗ ಒಬ್ಬ ನನ್ನ ಕಡೆ ತಿರುಗಿ, 'ಯಜಮಾನ್ತೀರೇ, ಇದರಲ್ಲಿ ನಿಮ್ಮ ಮನೇದು ಯಾವುದು?' ಅಂತ ಕೇಳ್ದ. ಕಿನುಯೊ, ಆ ಮನೆಗೆ ನಾನು ಬಂದಾಗಿನಿಂದ ನನ್ನನ್ನ ಯಾರೂ ಏನೂ ಕೇಳಿರಲಿಲ್ಲ ಕಣೇ. ಅನ್ನ ಉಂಡ್ಯಾ ಅಂತ ಸಹ ಕೇಳಿರಲಿಲ್ಲ. ಮೊದಲನೇ ಸಲ ಕೇಳಿದ್ದು. ನಾನು ಬೆರಳು ತೋರಿಸ್ದೆ."

"ತಿಮಿಂಗಿಲದ ಕಲ್ಲಿಗಾ?"

"ಮತ್ತಿನ್ನೇನು? ಇನ್ನೊಂದರ ಮೇಲೆ ಕೆಸರಿನ ಮಧ್ಯೆ ಆ ಸೌಮ್ಯವಾಣಿ ಅನ್ನೋದು ಸ್ವಲ್ಪ ಕಾಣ್ತಿತ್ತು. ಸೌಮ್ಯವಾಣಿಯಂತೆ! ನಮ್ಮತ್ತೆ ದಂಡೆ ಮೇಲೆ ನಿಂತು ಬೈದ್ರೆ ದೋಣಿಯೋರು ದಿಕ್ಕು ತಪ್ತಿದ್ರು. ನನ್ನ ಮಾವ ಗುಡಿಗೆ ಚಾವಣಿ ಹಾಕಿಸಿಕೊಟ್ಟ, ಅದಕ್ಕೇ ಆ ಹೆಸರು ಸಿಕ್ತು."

"ಪಾಪ ಅಲ್ವಾ ಅಜ್ಜಿ?" ಎಂದಳು ಕಿನುಯೊ ಸಣ್ಣ ದನಿಯಲ್ಲಿ.

"ಏನು ಪಾಪ? ಎಡೆ ತಪ್ಪಿಸಿದ್ದೀನಾ? ತಿಮಿಂಗಿಲಕ್ಕೆ ಹಬ್ಬ ಹಬ್ಬಕ್ಕೂ ಸಾರು, ಅನ್ನ, ಬದನೆಕಾಯಿ ಇಟ್ಟಿದ್ದೀನಿ. ಒಂದು ದಿನಕ್ಕಾದ್ರೂ ಉಪ್ಪು ಜಾಸ್ತಿಯಾಯ್ತು ಅಂದಿಲ್ಲ ಅದು. ಅತ್ತೆಗೂ ಏನು ಕಮ್ಮಿ ಮಾಡಿದ್ದೀನಿ? ಡೋಲು, ಮಂತ್ರ, ಊರಿನ ಜನ ಎಲ್ಲಾ ಬಂದು ತಲೆಬಾಗ್ತಾರೆ. ಬದುಕಿದ್ದಾಗ ಅಷ್ಟು ಜನ ಬಂದಿದ್ರಾ ಅವಳ ಹತ್ರ?" ಅಜ್ಜಿ ಚಾಕು ಕೆಳಗಿಟ್ಟಳು. ದನಿ ತಗ್ಗಿತು. "ಒಂದೇ ಮಾತು ಕೇಳು. ನಾನು ಇನ್ನೇನು ಹೊರಟವಳು. ಆ ಸಾಲಿನಲ್ಲಿ ನನ್ನ ಜಾಗ ಆ ಕಲ್ಲಿನ ಪಕ್ಕದಲ್ಲೇ. ತಿಮಿಂಗಿಲದ ಪಕ್ಕದಲ್ಲಿ ತಣ್ಣಗೆ ಮಲಗ್ತೀನಿ ಅಂದ್ಕೊಂಡು ಇಷ್ಟು ದಿನ ಬದುಕಿದ್ದೀನಿ. ನೀನು ಬಾಯಿಬಿಟ್ರೆ ನನ್ನ ಮಗ ನಾಳೆನೇ ಯಂತ್ರ ತಂದು ಕಲ್ಲು ಬದಲಾಯಿಸ್ತಾನೆ. ಆಮೇಲೆ ನಾನು ಯುಗಯುಗಾಂತರ ಆ ಹೆಂಗಸಿನ ಪಕ್ಕದಲ್ಲಿ ಮಲಗ್ಬೇಕು. ಅದಕ್ಕಿಂತ ಸಾಯದೇ ಇರೋದೇ ವಾಸಿ."

ಕಿನುಯೊ ತನ್ನ ಎರಡು ಕೈಗಳನ್ನು ಹಿಸುಕಿಕೊಂಡಳು. "ನಾನಾಗಿ ನಾನು ಹೇಳಲ್ಲ ಅಜ್ಜಿ. ತಿಮಿಂಗಿಲದ ಕತೆ ಹೇಳಿ ಸುಮ್ಮನಾಗ್ತೀನಿ, ಕಲ್ಲಿನ ಮೇಲೆ ಕೈ ತೋರಿಸಲ್ಲ. ಆದ್ರೆ ಯಾರಾದ್ರೂ ನೇರವಾಗಿ ಕೇಳಿದ್ರೆ... ಪಟ್ಟಿ ಕಟ್ಕೊಂಡು ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ."

"ಯಾರು ಕೇಳ್ತಾರೆ ಬಿಡೇ? ಬಸ್ಸಲ್ಲಿ ಬರೋರು ಶೌಚಕ್ಕೆ ಹೋಗ್ತಾರೆ, ಒಣಮೀನು ತಗೋತಾರೆ, ವಾಪಸ್ ಹೋಗ್ತಾರೆ," ಎಂದು ಅಜ್ಜಿ ಮತ್ತೆ ಚಾಕು ಹಿಡಿದಳು.

ಮಾರನೆಯ ದಿನ ಬಸ್ಸು ಕುರೊಬಾನಾ ನೋಡಿಕೊಂಡೇ ಬಂತು. ಬಾಗಿಲು ತೆರೆದದ್ದೇ ತಡ, ಇಳಿದ ಹೆಂಗಸರೆಲ್ಲ ಒಂದೇ ಪ್ರಶ್ನೆ ಕೇಳಿದರು. ಕಿನುಯೊ ಸಂಘದ ಹೊಸ ಶೌಚಾಲಯದ ಕಡೆ ಕೈ ತೋರಿಸಿದಳು. ಅವರು ಓಡಿದ ಓಟ ನೋಡಿದರೆ ಸೋತ ಸೇನಾಪತಿಯೂ ಅಷ್ಟು ಜೋರಾಗಿ ಓಡಿರಲಿಕ್ಕಿಲ್ಲ.

"ಕುರೊಬಾನಾದಲ್ಲಿ ಕೂರೋ ಕಲ್ಲು ಮೂರಿದೆ, ಕೂರೋ ಕಮೋಡು ಒಂದೂ ಇಲ್ಲ," ಎಂದು ಹೊರಬಂದ ಒಬ್ಬಾಕೆ ನಿಟ್ಟುಸಿರುಬಿಟ್ಟಳು. "ಇಲ್ಲಿ ಪೀಠ ಬೆಚ್ಚಗೂ ಇದೆ!"

ಬಸ್ ಕಂಪನಿಯ ಹುಡುಗಿ ಅಕಾನೆ ನಕ್ಕು ಏನನ್ನೋ ಗುರುತುಹಾಕಿಕೊಂಡಳು. ತೆತ್ಸುಝೊ ಕೋಟು ತೊಟ್ಟು, ಟೈ ಬಿಗಿದು, ಮುಖವೆಲ್ಲ ಕೆಂಪಾಗಿಸಿಕೊಂಡು ಗುಂಪಿನ ಹಿಂದೆ ನಡೆದ. ಕಿನುಯೊ ಮುಂದೆ.

ಮೊದಲು ಕೋಟೆ. ನಾಗಿಸೆಯ ಕೋಟೆ ಎಂದರೆ ಹುಲ್ಲುಗಾವಲಿನಲ್ಲಿ ಒಂದು ಫಲಕ.

"ಕೋಟೆ ಎಲ್ಲಿದೆ?" ಎಂದು ಒಬ್ಬರು ಕೇಳಿದರು.

"ಇಲ್ಲೇ ಇತ್ತು."

"ಇಲ್ಲೇ ಅಂದ್ರೆ?"

"ಫಲಕ ಇರೋ ಕಡೆ ಅಂತಾರೆ. ಆದ್ರೆ... ಹೋದ ಸಲದ ಗಾಳಿಗೆ ಫಲಕ ಹಾರಿಹೋಗಿತ್ತು. ತಂದು ನೆಟ್ಟಿದ್ದು ಅಂದಾಜಿಗೆ," ಎಂದು ಕಿನುಯೊ ಒಪ್ಪಿಕೊಂಡಳು. ಹಿಂದಿನಿಂದ ತೆತ್ಸುಝೊ ಕೆಮ್ಮಿದ.

ಆಮೇಲೆ ಕಡಲಗವಿಯ ದೇವತೆ. ಗವಿಯೊಳಗೆ ಮುಚ್ಚಿದ ಮರದ ಬಾಗಿಲು. ಮೂವತ್ಮೂರು ವರ್ಷಕ್ಕೊಮ್ಮೆ ತೆರೆಯುತ್ತಾರೆ ಎಂದು ಕಿನುಯೊ ಹೇಳಿದಳು. ಎಲ್ಲರ ಮುಖ ಅರಳಿತು. ಮತ್ತೆ ಯಾವಾಗ ಎಂದು ಕೇಳಿದರು. ಹೋದ ವರ್ಷ ತೆರೆದಾಯಿತು ಎಂದಳು. ಅರಳಿದ ಮುಖಗಳು ಮುದುಡಿದವು. "ನಮ್ಮನ್ನ ಮಲಗಿಸೋ ಶವದ ಪೆಟ್ಟಿಗೇನೇ ಅಷ್ಟರೊಳಗೆ ಮುಚ್ಚಿರುತ್ತೆ," ಎಂದು ಒಬ್ಬ ಮುದುಕ ಗೊಣಗಿದ.

ಕೊನೆಗೆ ಗುಡ್ಡ ಹತ್ತಿದರು. ಮೇಲೆ ತಲುಪಿದಾಗ, ತೊಕು ಅಜ್ಜಿ ತನ್ನ ತಳ್ಳುಗಾಡಿಯ ಮೇಲೆ ಆಗಲೇ ಕೂತಿದ್ದಳು. ಸೊಸೆ ತಳ್ಳಿಕೊಂಡು ಬಂದಿರಬೇಕು. ಅಜ್ಜಿ ಕಣ್ಣಲ್ಲೇ ಎಚ್ಚರಿಸಿದಳು.

ಕಿನುಯೊ ಕಡಲಿನ ಕಡೆ ಮುಖಮಾಡಿ ನಿಂತು ತಿಮಿಂಗಿಲದ ಕತೆ ಹೇಳಿದಳು. ಕ್ಷಾಮ, ಬಲೆ, ಹಸಿದ ಮಕ್ಕಳು. ಕತೆ ಚೆನ್ನಾಗಿಯೇ ಬಂತು. ಅಕಾನೆಯೂ ತಲೆದೂಗಿದಳು. ವಸಂತದಲ್ಲಿ ಹೇಳುವ ಮಾತನ್ನೂ ಹೇಳಿ ಮುಗಿಸಿದಳು. ಅಷ್ಟರಲ್ಲಿ, ಬೆಚ್ಚಗಿನ ಪೀಠವನ್ನು ಹೊಗಳಿದ್ದ ಆ ಹೆಂಗಸು ಕಲ್ಲಿನ ಹತ್ತಿರ ಬಾಗಿ ಫೋಟೋ ತೆಗೆದುಕೊಂಡಳು.

"ಎಷ್ಟು ಸ್ವಚ್ಛ ಇಟ್ಟಿದ್ದೀರ! ಅಕ್ಷರ ಎಲ್ಲಾ ಕಾಣ್ಸುತ್ತೆ. ತಿಮಿಂಗಿಲಕ್ಕೆ ಏನು ಹೆಸರು ಕೊಟ್ಟಿದ್ದಾರೆ? ಏನಂತ ಬರೆದಿದೆ ಇಲ್ಲಿ?"

ಕಿನುಯೊ ತೋಳುಪಟ್ಟಿಯನ್ನು ಸರಿಮಾಡಿಕೊಂಡಳು. ಗಾಳಿಗೆ ಕೇಳಿಸಲಿಲ್ಲ ಎನ್ನಬಹುದಿತ್ತು. ನನಗೆ ಓದಲು ಬರುವುದಿಲ್ಲ ಎನ್ನಬಹುದಿತ್ತು. ಆದರೆ ಓದಲು ಕಲಿತದ್ದೇ ಅವಳ ಬದುಕಿನಲ್ಲಿ ಅವಳಾಗಿ ಅವಳು ಮಾಡಿಕೊಂಡ ಒಂದೇ ಒಂದು ಕೆಲಸ.

"ಇದು ತಿಮಿಂಗಿಲದ್ದಲ್ಲ," ಎಂದಳು. "ಕ್ಷಮಿಸಿ. ಇದು ಒಬ್ಬರು ಹೆಂಗಸಿನ ಗೋರಿಕಲ್ಲು. ಚಂಡಮಾರುತ ಬಂದಾಗ ಬದಲಾಗಿದೆ. ತಿಮಿಂಗಿಲ ಅಲ್ಲಿ ಕೆಳಗಿದೆ, ಇಸೊಬೆ ಮನೆಯವರ ಸಾಲಿನಲ್ಲಿ. ನನಗೆ ನಿನ್ನೆ ಗೊತ್ತಾಯ್ತು." ಆಮೇಲೆ ತೊಕು ಅಜ್ಜಿಯ ಕಡೆ ತಿರುಗಿ ಸೊಂಟ ಬಗ್ಗಿಸಿ ನಿಂತುಬಿಟ್ಟಳು. ಏಳಲೇ ಇಲ್ಲ.

ತೆತ್ಸುಝೊನ ಕೆಂಪು ಮುಖ ಬಿಳಿಚಿಕೊಂಡಿತು. "ಏನಂದೆ? ಯಾವ ಹೆಂಗಸು?"

"ನಿಮ್ಮಜ್ಜಿ ಕಣೋ," ಎಂದಳು ತೊಕು ಅಜ್ಜಿ. "ಏಯ್ ಕಿನುಯೊ, ಎದ್ದೇಳು. ಹೇಳೋದಾದ್ರೆ ಪೂರ್ತಿ ಹೇಳ್ಬೇಕು. ಬದಲಾಯ್ತು, ಬದಲಾಯ್ತು ಅಂದ್ರೆ ಏನು, ಕಲ್ಲಿಗೆ ಕಾಲು ಬಂದಿತ್ತಾ? ಬದಲಾಯಿಸಿದ್ದು ನಾನು ಅನ್ನು."

ಆಮೇಲೆ ಅವಳೇ ಹೇಳಿದಳು. ನಿನ್ನೆ ಕಿನುಯೊಳಿಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ನೋಡುವವರಿದ್ದಾರೆ ಎಂದರೆ ಮುದುಕಿಗೆ ಹುರುಪು ಹೆಚ್ಚು. ಅತ್ತೆಯ ಬೈಗುಳಕ್ಕೆ ದೋಣಿ ದಿಕ್ಕು ತಪ್ಪಿದ್ದನ್ನು ಹೇಳಿದಳು, ಹುಡುಗರು ಕೇಳಿದ್ದನ್ನು ಹೇಳಿದಳು, ತಾನು ಬೆರಳು ತೋರಿಸಿದ್ದನ್ನು ಅದೇ ಬೆರಳೆತ್ತಿ ತೋರಿಸಿದಳು. ಪ್ರತಿ ವಸಂತದಲ್ಲಿ ಊರೆಲ್ಲ ಆ ಹೆಂಗಸಿಗೆ ನಿನ್ನ ಮಾಂಸ ರುಚಿಯಾಗಿತ್ತು ಎನ್ನುವ ಕಡೆಗೆ ಬಂದಾಗ, ಗುಂಪಿನ ಹಿಂದೆ ಯಾರೋ ಹೆಂಗಸು ತಡೆಯಲಾರದೆ ನಕ್ಕಳು. ಆಮೇಲೆ ಇನ್ನೊಬ್ಬಳು. ಆಮೇಲೆ ಕೊಡೆ ಊರಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು.

"ಎಲ್ಲಾ ಹೇಳ್ತಿದ್ದೆ, ನಿಜವಾಗ್ಲೂ ಭಕ್ತಿಯಿಂದ ಹೇಳ್ತಿದ್ದೆ," ಎಂದಳು ತೊಕು ಅಜ್ಜಿ. "ಕೊನೇಲಿ ಆ 'ಮತ್ತೆ ಬಾ' ಅಂತ ಬರುತ್ತಲ್ಲ, ಅಲ್ಲಿ ಮಾತ್ರ ಬಾಯಿ ಮುಚ್ಕೋತಿದ್ದೆ."

"ಅಮ್ಮಾ!" ತೆತ್ಸುಝೊ ಟೈ ಕಿತ್ತುಕೊಂಡ. "ಹಾಗಾದ್ರೆ ನಾನು ಪ್ರತಿ ಹಬ್ಬಕ್ಕೂ ಹೋಗಿ, ಅಜ್ಜೀ, ಬಲೆ ತುಂಬ ಮೀನು ಕೊಡು ಅಂತ ಬೇಡಿಕೊಂಡಿದ್ದು ಯಾರ ಹತ್ರ?"

"ತಿಮಿಂಗಿಲದ ಹತ್ರ. ಕೊಡ್ತಲ್ಲ? ನಿಮ್ಮಜ್ಜಿಯಾಗಿದ್ರೆ ಒಂದು ಮೀನಿನ ಬಾಲ ಕೊಡ್ತಿದ್ಲಾ?"

"ನನಗೆ ಬೆಲ್ಲ ಕೊಡ್ತಿದ್ಲು," ಎಂದ ಅವನು. ಅರವತ್ತು ದಾಟಿದ ಗಂಡಸಿನ ದನಿ ಥಟ್ಟನೆ ಚಿಕ್ಕದಾಯಿತು. "ಜೇಬಿನಿಂದ ತೆಗೆದು."

ತೊಕು ಅಜ್ಜಿ ಎತ್ತಿದ್ದ ಬೆರಳನ್ನು ಮಡಿಸಿಕೊಂಡಳು. ಬಸ್ಸಿನ ಹೆಂಗಸರೂ ನಗು ನಿಲ್ಲಿಸಿದರು.

"ನಾಳೆನೇ ಎರಡನ್ನೂ ಅದರದರ ಜಾಗಕ್ಕೆ ಹಾಕಿಸ್ತೀನಿ," ಎಂದು ತೆತ್ಸುಝೊ ಗುಡ್ಡ ಇಳಿದುಹೋದ. ಹೋಗುವಾಗ ಕಿನುಯೊಳ ಮುಂದೆ ನಿಂತು ಅಂಗೈ ಚಾಚಿದ. ಅವಳು ತೋಳುಪಟ್ಟಿ ಬಿಚ್ಚಿ, ಮಡಿಸಿ, ಎರಡೂ ಕೈಯಲ್ಲಿ ಕೊಟ್ಟಳು.

ಬಸ್ಸಿನ ಹೆಂಗಸರು ಮಾತ್ರ ತಕ್ಷಣ ಇಳಿಯಲಿಲ್ಲ. ಒಬ್ಬೊಬ್ಬರಾಗಿ ಕೆಳಗಿನ ಸಾಲಿಗೆ ಹೋಗಿ ನಿಜವಾದ ತಿಮಿಂಗಿಲಕ್ಕೆ ಕೈಮುಗಿದರು. ಆಮೇಲೆ ಮೇಲೆ ಬಂದು ಸುತೆಯ ಮುಂದೆ ಅದಕ್ಕಿಂತ ಹೆಚ್ಚು ಹೊತ್ತು ನಿಂತರು. ತುಟಿ ಅಲ್ಲಾಡುತ್ತಿತ್ತು. ಅವರವರ ಅತ್ತೆಯರಿಗೆ ಏನೇನು ಹೇಳುವುದಿತ್ತೋ.

ಆ ರಾತ್ರಿ ಕಿನುಯೊಳಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗುಡ್ಡದ ಬುಡದಲ್ಲಿ ಯಂತ್ರದ ಸದ್ದು ಕೇಳಿ ಓಡಿಹೋದಳು. ಬಂದರಿನಲ್ಲಿ ಐಸಿನ ಪೆಟ್ಟಿಗೆ ಎತ್ತುವ ಯಂತ್ರವನ್ನು ತೆತ್ಸುಝೊ ತಾನೇ ಓಡಿಸಿಕೊಂಡು ಬಂದಿದ್ದ. ದಾರಿಗೆ ಅಡ್ಡವಾಗಿ ತೊಕು ಅಜ್ಜಿ ತಳ್ಳುಗಾಡಿಯ ಮೇಲೆ ಕೂತಿದ್ದಳು.

"ಏಳಮ್ಮ."

"ಎತ್ತಾಕು. ಐಸಿನ ಪೆಟ್ಟಿಗೆ ಎತ್ತಲ್ವಾ? ನನ್ನೂ ಎತ್ತಾಕು."

ಆಗಲೇ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಯಂತ್ರ ಗುಡುಗುಡು ಎನ್ನುತ್ತಿದ್ದುದರಿಂದ ಅವನು ಕೂಗಿಯೇ ಮಾತಾಡಬೇಕಾಯಿತು. ಹಾಗಾಗಿ ಅರ್ಧ ಮಾತು ಎಲ್ಲರಿಗೂ ಕೇಳಿಸಿತು.

"ಹೌದು, ಇಸೊಬೆ... ನಮಸ್ಕಾರ, ಅಕಾನೆಯವರೇ... ನಾಗಿಸೆಗೇನಾ?... ಏನು, ಶೌಚಾಲಯ?... ಶೌಚಾಲಯಕ್ಕೆ ಮೊದಲನೇ ಸ್ಥಾನಾನಾ?... ಎರಡನೇದು?... ಆ ಅತ್ತೆಯ ಕಲ್ಲಾ?... ಹೂಂ... ಹೂಂ... ಎಲ್ಲಾ ಹೆಂಗಸರೂ ಅದನ್ನೇ ಬರೆದಿದ್ದಾರಾ?... ಇಲ್ಲ, ಇಲ್ಲ, ಕಲ್ಲು... ಅದು ಈಗ..." ಅವನು ಯಂತ್ರವನ್ನು ನೋಡಿದ, ತಾಯಿಯನ್ನು ನೋಡಿದ, ಗುಡ್ಡದ ತುದಿಯನ್ನು ನೋಡಿದ. "ಇದ್ದ ಹಾಗೇ ಇರುತ್ತೆ. ಯಾರೂ ಮುಟ್ಟಿಲ್ಲ."

ಫೋನು ಇಟ್ಟು ಯಂತ್ರ ಆರಿಸಿದ. ಮೌನದಲ್ಲಿ ಕಡಲಿನ ಸದ್ದು ಕೇಳಿಸಿತು. ಅವನು ಗುಡ್ಡ ಹತ್ತಿ, ತನ್ನ ಅಜ್ಜಿ ಸುತೆಯ ಕಲ್ಲಿನ ಮುಂದೆ ಟೋಪಿ ತೆಗೆದು ನಿಂತ. ಜೇಬಿನಿಂದ ಏನನ್ನೋ ತೆಗೆದು ಕಲ್ಲಿನ ಬುಡದಲ್ಲಿಟ್ಟ. ಆಮೇಲೆ ಕಿನುಯೊ ಹೋಗಿ ನೋಡಿದಾಗ ಅದು ಒಂದು ಉಂಡೆ ಬೆಲ್ಲ. ಇರುವೆ ಆಗಲೇ ಮುತ್ತಿತ್ತು.

ಇಳಿದು ಬಂದವನು ಕಿನುಯೊಳ ಕೈಗೆ ತೋಳುಪಟ್ಟಿ ತುರುಕಿದ. "ಗುರುವಾರದಿಂದ ಬಸ್ಸು. ಅಕಾನೆ ಕೇಳಿದ್ಲು, ಆ ಪೂರ್ತಿ ನಿಜ ಹೇಳೋ ಅಮ್ಮನೇ ಬರ್ಬೇಕಂತೆ." ಎರಡು ಹೆಜ್ಜೆ ಹೋಗಿ ತಿರುಗಿದ. "ಕೋಟೆ ಫಲಕದ ವಿಷಯ ಮಾತ್ರ ಹೇಳ್ಬೇಡ ಮಾರಾಯ್ತಿ."

"ಯಾರೂ ಕೇಳ್ದೇ ಇದ್ರೆ ಹೇಳಲ್ಲ ಅಣ್ಣ," ಎಂದಳು ಕಿನುಯೊ.

ಮುಂದಿನ ವಸಂತದ ಪೂಜೆಗೆ ಏನು ಮಾಡಬೇಕೆಂದು ಊರಿನಲ್ಲಿ ದೊಡ್ಡ ಚರ್ಚೆಯಾಯಿತು. ಕೊನೆಗೆ ಗುರು ಎಶುನ್ ಎರಡೂ ಕಲ್ಲಿಗೆ ಒಂದೇ ಮಂತ್ರ ಹೇಳುವುದಾಗಿ ತೀರ್ಮಾನ ಕೊಟ್ಟರು. ಹೊಸ ಮಂತ್ರ ಕಲಿಯುವ ತಾಪತ್ರಯ ತಪ್ಪಿತು. ಅವತ್ತು ಅವರು ಕನ್ನಡಕವನ್ನು ಗುಡಿಯಲ್ಲೇ ಬಿಟ್ಟುಬಂದಿದ್ದರು. ಡೋಲು ಬಡಿಯಿತು. ತೊಕು ಅಜ್ಜಿ ಎಂದಿನಂತೆ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಪಟ್ಟಿ ಕಟ್ಟಿಕೊಂಡ ಕಿನುಯೊ. ಊರೆಲ್ಲ ತಲೆಬಾಗಿ, ನಿನ್ನ ಮಾಂಸ ರುಚಿಯಾಗಿತ್ತು ಎಂದು ಶುರುಮಾಡಿತು. ಸತ್ತವರಿಗೆ ಹೀಗೆ ಹೇಳುವುದು ಸರಿಯೋ ತಪ್ಪೋ ಎಂದು ಕಿನುಯೊ ತುಟಿಯೊಳಗೇ ಗೊಣಗುತ್ತಿದ್ದಳು. ಪಕ್ಕೆಗೆ ಒಂದು ಮೊಣಕೈ ತಿವಿಯಿತು.

"ಗಟ್ಟಿಯಾಗಿ ಹೇಳೇ," ಎಂದಳು ತೊಕು ಅಜ್ಜಿ. "ನಮ್ಮತ್ತೆಗೆ ಕಿವಿ ಮಂದ."

ಕಿನುಯೊ ಗಟ್ಟಿಯಾಗಿಯೇ ಹೇಳಿದಳು. ಎಣ್ಣೆ ದೀಪಕ್ಕಾಯಿತು, ಮೂಳೆ ಗೊಬ್ಬರವಾಯಿತು, ತಪ್ಪಾಯಿತು. ಆಮೇಲೆ ಕೊನೆಯ ಮಾತು ಬಂತು. ಮತ್ತೆ ಬಾ. ಅವತ್ತು ಗುಡ್ಡದ ಮೇಲೆ ಅದನ್ನು ಹೇಳಿದ್ದು ಗಂಡಸರು ಮಾತ್ರ.